ಕುಂಬಳದ ಬಳ್ಳಿ ಹೊಳೆ ದಾಟಿದ್ದು

ಇವತ್ತು ಬೆಳಿಗ್ಗೆ ಮೆಟ್ಟುಕತ್ತಿಯ ಮೇಲೆ ಕೂತು ಸಿಹಿಕುಂಬಳ ಹೋಳು ಮಾಡುತ್ತಿದ್ದೆ. ಕುಂಬಳ ಸೀಳಿದ ಕೂಡಲೇ ಒಂದು ಹಸಿ ವಾಸನೆ ಬರುತ್ತದಲ್ಲ, ಅರ್ಧ ಒದ್ದೆ ಮಣ್ಣಿನದು, ಅರ್ಧ ಸೌತೆಕಾಯಿಯದು, ಅದು ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ತನ್ನಷ್ಟಕ್ಕೇ "ಹೂಂ" ಎಂದು ಬಂತು. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನೊಳಗೆ ಮೊಮ್ಮಗಳಿದ್ದಳು, ನನ್ನ ಮಗಳ ಮಗಳು. ಅವಳಿರುವುದು ಬಹ್ರೇನಿನ ಹಮದ್ ಟೌನಿನಲ್ಲಿ, ನಾನಿರುವುದು ಬ್ರಹ್ಮಾವರದಲ್ಲಿ ಮಗ ಸೊಸೆಯ ಜೊತೆ. "ಅಜ್ಜಿ, ನಾನಿನ್ನೂ ಏನೂ ಹೇಳ್ಲೇ ಇಲ್ಲ, ಯಾಕೆ ಹೂಂ ಅಂದದ್ದು?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಉತ್ತರ ಮಾತ್ರ ಕುಂಬಳದ ಬಳ್ಳಿಯಷ್ಟು ಉದ್ದದ್ದು. ಮೊದಲು ನಿಮಗೆ ಹೇಳಿ ಮುಗಿಸುತ್ತೇನೆ, ಅವಳಿಗೆ ಹೇಳಿದ್ದು ಆಮೇಲೆ.

ತೊಂಬತ್ತರ ದಶಕದಲ್ಲಿ ನಾವು ಬಹ್ರೇನಿನ ಉಮ್ ಅಲ್ ಹಸ್ಸಮ್‌ನಲ್ಲಿದ್ದೆವು. ನಮ್ಮ ಯಜಮಾನರು ಒಂದು ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಮನೆ ಕೆಳಗೇ ಮಲಯಾಳಿಯೊಬ್ಬರ ಕೋಲ್ಡ್ ಸ್ಟೋರ್. ಅಲ್ಲಿ ಹಾಲು, ಮೊಸರು, ಬ್ರೆಡ್ಡು, ಬೆಂಕಿಪೆಟ್ಟಿಗೆ, ಕೊನೆಗೆ ತೆಂಗಿನಕಾಯಿ ಕೂಡ ಸಿಗುತ್ತಿತ್ತು. ಕಿಟಕಿಯಿಂದ ಬುಟ್ಟಿ ಇಳಿಬಿಟ್ಟರೆ ಸಾಮಾನು ಮೇಲೆ ಬರುತ್ತಿತ್ತು. ಆ ಊರಿನ ಬಿಸಿಲಿನಲ್ಲಿ ಮೆಟ್ಟಿಲಿಳಿಯದೆ ತೆಂಗಿನಕಾಯಿ ಮನೆಗೆ ಬರುವುದೆಂದರೆ ದೇವರ ದಯೆ ಅಲ್ಲದೆ ಮತ್ತೇನು? ನನಗೆ ಇಂಥ ಸಣ್ಣ ದಯೆಗಳನ್ನು ಎಣಿಸುತ್ತ ಕೂರುವ ಅಭ್ಯಾಸ. ದೊಡ್ಡ ದಯೆಗಳನ್ನು ದೇವರೇ ನೆನಪಿಟ್ಟುಕೊಳ್ಳುತ್ತಾನೆ, ಸಣ್ಣವು ಕೈತಪ್ಪಿ ಹೋಗುತ್ತವೆ ನೋಡಿ.

ನಮ್ಮ ಮೇಲಿನ ಮನೆಯಲ್ಲಿ ಸುಮತಿ ಇದ್ದಳು. ಎಂ.ಎ. ಓದಿದವಳು. ಅವಳ ಗಂಡ ಬ್ಯಾಂಕಿನಲ್ಲಿ ಮ್ಯಾನೇಜರು. ಒಂದು ದಿನ ಅವಳ ಮಗ ಶಾಲೆಯಿಂದ ಬಂದು, "ಮಮ್ಮೀ, ನಮ್ಮ ನೇಟಿವ್ ಪ್ಲೇಸಿಗೆ ಸ್ಟೋರೀಸ್ ಉಂಟಾ?" ಎಂದು ಕೇಳಿದನಂತೆ. ಟೀಚರು ಎಲ್ಲ ಮಕ್ಕಳಿಗೂ ಅವರವರ ಊರಿನ ಕಥೆ ಹೇಳಲು ಹೇಳಿದ್ದರು. ಈಜಿಪ್ಟಿನ ಹುಡುಗಿ ಹೇಳಿದಳು, ಫಿಲಿಪೈನ್ಸಿನವನು ಹೇಳಿದ, ನಮ್ಮ ಕುಂದಾಪುರದ ಕುಮಾರ ಕಂಠೀರವ ಎದ್ದು ನಿಂತು ಟಿ.ವಿ.ಯಲ್ಲಿ ನೋಡಿದ ಬೆಕ್ಕು ಇಲಿಯ ಜಗಳ ಹೇಳಿ ಕೂತ. ಸುಮತಿಗೆ ಅದು ಎಲ್ಲಿಗೆ ನಾಟಿತೋ, ಮುಂದಿನ ಶುಕ್ರವಾರ ರಜೆಯ ದಿನವೇ ನಮ್ಮನ್ನೆಲ್ಲ ಸೇರಿಸಿ ಕಥೆ ಬರೆಯುವ ಕೂಟ ಶುರು ಮಾಡಿಬಿಟ್ಟಳು. ಊರಿನ ಕಥೆಗಳನ್ನು ಬರೆದಿಡಬೇಕು, ನಾವೂ ಬರೆಯಲು ಕಲಿಯಬೇಕು, ವರ್ಷದ ಕೊನೆಗೆ ಮಕ್ಕಳಿಗೊಂದು ಪುಸ್ತಕ ಮಾಡಬೇಕು ಎಂದಳು. "ಇಲ್ಲದಿದ್ರೆ ನಮ್ಮ ಕಾಲಕ್ಕೇ ಮುಗೀತದೆ" ಎಂದಳು. ನನಗೆ ಆ ಮಾತಿಗಿಂತ ಅವಳು ಮಾಡಿದ್ದ ಗೋಳಿಬಜೆಯ ಮೇಲೆ ಗಮನವಿತ್ತು. ಆದರೂ ಒಪ್ಪಿದೆ.

ನಮ್ಮ ಬರವಣಿಗೆಯ ಚೆಂದ ಹೇಳಿದರೆ ನೀವು ನಗುತ್ತೀರಿ. ಸುಮತಿ ಬರೆದದ್ದು ಹಮದ್ ಟೌನಿನ ರಸ್ತೆಯ ಹಾಗೆ, ಒಂದು ವೃತ್ತ ಸುತ್ತಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ವೃತ್ತ ಬರುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಮ್ಮ ಫ್ಲೋರಿನ್ ಬರೆದ ಕಥೆಗಳಲ್ಲಿ ಎರಡನೇ ಪುಟ ಮುಗಿಯುವ ಮೊದಲು ಯಾರಾದರೊಬ್ಬರು ಸಾಯಲೇಬೇಕು. ಕೇಳಿದರೆ, "ಎಂತ ಮಾಡುದು ಮಾರಾಯ್ತಿ, ಬೇರೆ ಎಂಡಿಂಗ್ ನಂಗೆ ಗೊತ್ತಿಲ್ಲ" ಎನ್ನುತ್ತಿದ್ದಳು. ಇನ್ನು ನನ್ನದು. ಅಜ್ಜಿಮನೆ ಬಗ್ಗೆ ಬರೆಯಲು ಕೂತರೂ, ಮದುವೆ ದಿಬ್ಬಣದ ಬಗ್ಗೆ ಬರೆಯಲು ಕೂತರೂ ನಾಲ್ಕನೇ ಸಾಲಿಗೆ ತೆಂಗಿನತುರಿ ಬಂದು, ಹತ್ತನೇ ಸಾಲಿಗೆ ಒಗ್ಗರಣೆ ಬೀಳುತ್ತಿತ್ತು. ಸುಮತಿ ಬಹಳ ಮರ್ಯಾದೆಯಿಂದ, "ಅಕ್ಕ, ಇದು ಕಥೆ ಅಲ್ಲ, ಕೊದ್ದೆಲು" ಎಂದಳು. ಕೊದ್ದೆಲು ಎಂದರೆ ನಮ್ಮ ಕಡೆಯ ಒಂದು ಬಗೆಯ ಸಾರು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವತ್ತು ರಾತ್ರಿ ಅದನ್ನೇ ಮಾಡಿದೆ, ರುಚಿಯಾಗಿತ್ತು.

ನಿಜವಾದ ಕಥೆಗಳಿದ್ದದ್ದು ಸುಮತಿಯ ಅತ್ತೆಯ ಹತ್ತಿರ. ಗುಲಾಬಜ್ಜಿ ಎಂದು ನಾವೆಲ್ಲ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಬಂದಿದ್ದರು. ಕಚ್ಚೆ ಹಾಕಿದರೆ ಯಕ್ಷಗಾನದ ಬಣ್ಣದ ವೇಷಕ್ಕೂ ನಡೆಯುವಂಥ ಎತ್ತರ, ಆದರೆ ಮಾತು ಮೆತ್ತಗೆ. ಕುಂದಾಪುರ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅದೇ ಭಾಷೆಯಲ್ಲಿ ಕೋಲ್ಡ್ ಸ್ಟೋರಿನ ಮಲಯಾಳಿಯನ್ನೂ, ಎದುರು ಮನೆಯ ಬಹ್ರೇನಿ ಅಜ್ಜಿಯನ್ನೂ ಮಾತಾಡಿಸುತ್ತಿದ್ದರು. ಅವರಿಗೆಲ್ಲ ಅರ್ಥವಾಗುತ್ತಿತ್ತೋ ಇಲ್ಲವೋ, ಎದುರು ಮನೆಯಿಂದ ಖರ್ಜೂರದ ತಟ್ಟೆಯಂತೂ ತಪ್ಪದೆ ಬರುತ್ತಿತ್ತು.

ಗುಲಾಬಜ್ಜಿಯ ಕಥೆಗಳಲ್ಲೆಲ್ಲ ದೊಡ್ಡದು ಕುಂಬಳದ ಬಳ್ಳಿಯದು. ಅವರ ತಾಯಿ ಹೇಳಿದ್ದಂತೆ, ಆ ತಾಯಿಗೆ ಅವರ ತಾಯಿ. ಒಂದು ಊರಲ್ಲಿ ಒಂದು ಹುಡುಗಿ ಹಿತ್ತಿಲಲ್ಲಿ ಕುಂಬಳದ ಬೀಜ ಹಾಕುತ್ತಾಳೆ, ಬಳ್ಳಿ ಹೂ ಬಿಡುವ ಮೊದಲೇ ಅವಳನ್ನು ಹೊಳೆಯ ಆಚೆ ಮದುವೆ ಮಾಡಿಕೊಡುತ್ತಾರೆ. ಬಳ್ಳಿಗೆ ಅವಳನ್ನು ಬಿಟ್ಟಿರಲಾಗುವುದಿಲ್ಲ. ಬೇಲಿ ದಾಟಿ, ಗದ್ದೆಯ ಅಂಚಿನ ಮೇಲೆ ಹರಿದು, ಅವಳನ್ನು ಹುಡುಕಿಕೊಂಡು ಹೊರಡುತ್ತದೆ. ಹೊಳೆಯ ಬದಿಗೆ ಬರುತ್ತದೆ. ಅಲ್ಲಿಂದ ಮುಂದೆ ಏನಾಯಿತೆಂದು ಅಜ್ಜಿಯನ್ನು ಬಿಟ್ಟರೆ ಈ ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ. ಅವರ ಮಗ, ನಮ್ಮ ಮ್ಯಾನೇಜರರು, ಚಿಕ್ಕಂದಿನಲ್ಲಿ ನೂರು ಸಲ ಈ ಕಥೆ ಕೇಳಿದವರು. ಆದರೆ ಪ್ರತಿ ಸಲವೂ ಬಳ್ಳಿ ಹೊಳೆಯ ಬದಿಗೆ ಬರುವಷ್ಟರಲ್ಲಿ ಅವರಿಗೆ ನಿದ್ದೆ. "ಆಮೇಲೆ ಎಂತಾಯ್ತು ಅಂತ ಕೇಳ್ಬೇಕು ಅಂತ ಇದ್ದೆ, ಅಷ್ಟರಲ್ಲಿ ಗಲ್ಫಿಗೆ ಬಂದೆ" ಎಂದರು ಪಾಪ.

ಆಮೇಲೆ ಕೇಳಿದರಾಯಿತು ಎಂದು ಎಲ್ಲರೂ ಇದ್ದೆವು. ಅಷ್ಟರಲ್ಲಿ ಅಜ್ಜಿಯ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಗಲೇಬೇಕು, ಜೀವಕ್ಕೆ ಭಯವಿಲ್ಲ, ಆದರೆ ಗಡ್ಡೆ ಇರುವುದು ಸ್ವರದ ನರಕ್ಕೆ ಅಂಟಿಕೊಂಡು, ಆಮೇಲೆ ಮೊದಲಿನ ಸ್ವರ ಇರುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಫ್ಲೋರಿನ್ ನಮಗೆ ಅದನ್ನೆಲ್ಲ ಬಿಡಿಸಿ ಹೇಳಿದಳು. ಅವಳ ಕಥೆಗಳಿಗಿಂತ ಇದು ವಾಸಿ ಎಂದು ಸಮಾಧಾನ ಮಾಡಿಕೊಂಡೆವು. ಆದರೆ ಸುಮತಿಯ ಮುಖ ಸಣ್ಣದಾಯಿತು. ಕೈಯಲ್ಲಿದ್ದದ್ದು ಒಂದು ತಿಂಗಳು. ಅಷ್ಟರೊಳಗೆ ಬಳ್ಳಿ ಹೊಳೆ ದಾಟಬೇಕಿತ್ತು.

ಸುಮತಿ ಹೊಸ ಟೇಪ್ ರೆಕಾರ್ಡರ್ ತಂದಳು, ಒಳ್ಳೆಯ ಕ್ಯಾಸೆಟ್ಟು ತಂದಳು. ಮುಂದಿನ ಶುಕ್ರವಾರ ಅಜ್ಜಿಯನ್ನು ಸೋಫಾದ ನಡುವೆ ಕೂರಿಸಿ, ಮೂಗುತಿ ಒರೆಸಿ, ಮೈಕು ಮೂತಿಗೆ ಹಿಡಿದಳು. ರೆಕಾರ್ಡಿಂಗಿನಲ್ಲಿ ಸದ್ದು ಬರಬಾರದೆಂದು ಏಸಿ ಬಂದ್. ತಿಂಗಳು ಯಾವುದು ಬಲ್ಲಿರಾ, ಆಗಸ್ಟ್. ಬಹ್ರೇನಿನ ಆಗಸ್ಟಿನಲ್ಲಿ ನಲ್ಲಿಯ ತಣ್ಣೀರಿನಲ್ಲೇ ಚಹಾ ಮಾಡಬಹುದು. ಕಿಟಕಿ ಮುಚ್ಚಿ, ಏಸಿ ನಿಲ್ಲಿಸಿ, ಮೂವರು ಹೆಂಗಸರು ಪೆನ್ನು ಹಿಡಿದು ಬೆವರು ಸುರಿಸುತ್ತ, ಕೆಮ್ಮಿದರೂ ತಪ್ಪು ಎಂಬಂತೆ ತಲೆ ತಗ್ಗಿಸಿ ಕೂತೆವು. ಅಜ್ಜಿ ಶುರು ಮಾಡಿದರು.

"ಒಂದ್ ಊರಂಗೆ ಒಂದ್ ಹೆಣ್ಣ್ ಇದ್ದಿತಂಬ್ರ್."

ನಾನು, "ಹೂಂ" ಎಂದೆ. ಸುಮತಿ ನನ್ನನ್ನು ನೋಡಿದ ನೋಟಕ್ಕೆ ಆ ಬಿಸಿಯಲ್ಲೂ ನನಗೆ ಚಳಿಯಾಯಿತು. ಟೇಪ್ ಹಿಂದಕ್ಕೆ ತಿರುಗಿಸಿ, ಇನ್ನೊಮ್ಮೆ ಶುರು. ಈ ಸಲ ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡೆ. ಅಜ್ಜಿ ಹೇಳುತ್ತ ಹೋದರು, ಬೀಜ ಹಾಕಿದ್ದು, ದಿಬ್ಬಣ ಹೊರಟದ್ದು. ಹೇಳಹೇಳುತ್ತ ಸ್ವರ ಇಳಿಯಿತು, ನಡುವೆ ಬಿಡುವು ಹೆಚ್ಚಾಯಿತು. ಬಳ್ಳಿ ಹೊಳೆಯ ಬದಿಗೆ ಬಂತು. ಅಷ್ಟಕ್ಕೆ ನಿಂತುಹೋಯಿತು. ಅಜ್ಜಿ ನಮ್ಮ ತಗ್ಗಿಸಿದ ತಲೆಗಳನ್ನೊಮ್ಮೆ ನೋಡಿ, ಸೆರಗು ಹೊದ್ದುಕೊಂಡು ಸುಮ್ಮನಾದರು.

"ಅತ್ತೆ, ಹೊಳೆ ಬದಿಗೆ ಬಂತು. ಮತ್ತೆ?" ಎಂದು ಸುಮತಿ ಕೇಳಿದಳು.

"ಮತ್ತೆ ನೆನಪಾತಿಲ್ಲೆ" ಎಂದರು ಅಜ್ಜಿ.

ಅದರ ಮುಂದಿನ ಶುಕ್ರವಾರವೂ ಹಾಗೆಯೇ ಆಯಿತು. ಅದರ ಮುಂದಿನದೂ. ಬಳ್ಳಿ ಪ್ರತಿ ವಾರ ಬಂದು ಹೊಳೆಯ ಬದಿಗೆ ಮಲಗುತ್ತಿತ್ತು. ನಮ್ಮ ಯಜಮಾನರು ಊಟಕ್ಕೆ ಕೂತಾಗ, "ಎಂತ, ದಾಟಿತಾ?" ಎಂದು ಕೇಳುವುದು ಅಭ್ಯಾಸವಾಯಿತು. ಇಲ್ಲ ಎಂದರೆ, ವೀಸಾದ ತೊಂದರೆ ಇರಬಹುದು ಎನ್ನುತ್ತಿದ್ದರು. ನನ್ನ ಮಗಳು ಆಗ ಹತ್ತು ವರ್ಷದವಳು, ಹೊಳೆಯನ್ನು ಕಣ್ಣಾರೆ ಕಂಡದ್ದು ಎರಡೋ ಮೂರೋ ಸಲ. ಬಹ್ರೇನಿನಲ್ಲಿ ಹೊಳೆಯೆಲ್ಲಿ ಬರಬೇಕು? "ಸೌದಿಗೆ ಹೋಗ್ಲಿಕ್ಕೆ ಸಮುದ್ರದ ಮೇಲೆ ಕಾಸ್‌ವೇ ಉಂಟಲ್ಲ, ಬಳ್ಳಿ ಅದರ ಮೇಲೆ ಹೋದ್ರೆ ಆಯ್ತು. ಬೋರಿಂಗ್ ಸ್ಟೋರಿ" ಎಂದು ಪುಸ್ತಕ ಹಿಡಿದು ಒಳಗೆ ಹೋದಳು. ಸುಮತಿ ಮಾತ್ರ ನಗುತ್ತಿರಲಿಲ್ಲ. ಅತ್ತೆಗೆ ಆಪರೇಷನ್ನಿನ ಹೆದರಿಕೆಗೆ ಮರೆವು ಹಿಡಿದಿದೆ, ಕಥೆ ಆಗಲೇ ಹೋಯಿತು, ನಾನು ತಡ ಮಾಡಿದೆ ಎಂದು ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಂಡಳು. ನಾನು ಕೊಲ್ಲೂರಮ್ಮನಿಗೆ ಒಂದು ತುಪ್ಪದ ದೀಪ ಹೇಳಿಕೊಂಡೆ. ಮಾತು ಕೊಡುವ ತಾಯಿ ಅವಳು, ಅವಳಿಗಲ್ಲದೆ ಯಾರಿಗೆ ಹೇಳುವುದು?

ಆಪರೇಷನ್ನಿಗೆ ನಾಲ್ಕೈದು ದಿನ ಇದೆ ಅನ್ನುವಾಗ ನಾನು ಕುಂಬಳಕಾಯಿ ಹಿಡಿದುಕೊಂಡು ಮೇಲಿನ ಮನೆಗೆ ಹೋದೆ. ಮನಾಮದ ಮಾರ್ಕೆಟ್ಟಿನಿಂದ ಯಜಮಾನರು ತಂದ ಕಾಯಿ, ನಮ್ಮ ಮನೆಯವರೇ ತಿಂದು ಮುಗಿಯುವಂಥದ್ದಲ್ಲ. ಸುಮತಿ ಇರಲಿಲ್ಲ. ಅಜ್ಜಿ ಅಡಿಗೆಮನೆಯಲ್ಲಿ ಒಬ್ಬರೇ ಇದ್ದರು. ಇಬ್ಬರೂ ನೆಲದ ಮೇಲೆ ಕೂತೆವು, ಅವರು ಸೀಳುತ್ತಿದ್ದರು, ನಾನು ತಿರುಳು ತೆಗೆಯುತ್ತಿದ್ದೆ. ಆ ಹಸಿ ವಾಸನೆ ಎದ್ದಿತು. ಅಜ್ಜಿ, "ಇಂಥದ್ದೇ ಕಾಯಿ ಅದೂ" ಎಂದರು. ನಾನು ಹೂಂ ಎಂದೆ. ಬಳ್ಳಿ ಅಡಿಗೆಮನೆಯಿಂದಲೇ ಹೊರಟಿತು. ಬೇಲಿ ದಾಟಿತು, ಹೂಂ. ಗದ್ದೆ ದಾಟಿತು, ಹೂಂ. ನನ್ನ ಗಮನವೆಲ್ಲ ಕುಂಬಳದ ಬೀಜದ ಮೇಲೆ. ಬೀಜ ಒಣಗಿಸಿ ಉಪ್ಪು ಹಾಕಿ ಹುರಿದರೆ ಬಹಳ ಚೆನ್ನಾಗಿರುತ್ತದೆ, ಅದಿರಲಿ. ಚಿಕ್ಕಂದಿನಲ್ಲಿ ನನ್ನ ಅಜ್ಜಿಯ ಮಗ್ಗುಲಲ್ಲಿ ಮಲಗಿ ಹೂಂಗುಟ್ಟಿ ಬೆಳೆದ ಬಾಯಿ ನನ್ನದು, ಕಥೆಯ ಸದ್ದು ಕೇಳಿದರೆ ತಾನಾಗಿ ಹೂಂ ಎನ್ನುತ್ತದೆ. ಹೊಳೆಯ ಬದಿಗೆ ಬಂತು, ಹೂಂ ಎಂದೆ. ಅಜ್ಜಿ ನಿಲ್ಲಲಿಲ್ಲ. ಅಂಬಿಗ ದೋಣಿ ತಂದ. ಹೂಂ.

ಆಗ ನನ್ನ ಕೈಯಿಂದ ಬೀಜದ ತಟ್ಟೆ ಜಾರಿತು. ಅಜ್ಜಿ ಹೊಳೆಯ ನಡುವೆ ಇದ್ದರು.

"ಅಜ್ಜಿ, ಇದು ನಿಮಗೆ ಮರೆತುಹೋಗಿತ್ತಲ್ಲ?" ಎಂದೆ.

ಅಜ್ಜಿ ನನ್ನನ್ನು ತಿಳಿಯದ ಮಗುವನ್ನು ನೋಡುವ ಹಾಗೆ ನೋಡಿದರು. "ನೀವೆಲ್ಲ ತಲಿ ತಗ್ಸಿ ಕೂಕಂಡ್ರೆ ನಿದ್ರಿ ಬಂತ್ ಅಂದ್ಕಂಡೆ. ಹೂಂ ಅಂಬುದ್ ನಿಂತ್ರೆ ಮಕ್ಳ್ ಮನಿಕಂಡೊ ಅಂದೇಳಿ ಲೆಕ್ಕ. ಮತ್ತೆ ಕಥಿ ಯಾರಿಗ್ ಹೇಳುದ್ ಹೆಣ್ಣೆ, ಗೋಡಿಗಾ?"

ನೋಡಿ, ಮೂವರು ಕಥೆಗಾರ್ತಿಯರು, ಒಬ್ಬಳು ಎಂ.ಎ., ಅಷ್ಟು ವಾರ ಬೆವರು ಸುರಿಸಿ, ಅಜ್ಜಿಯ ಬಾಯಿಗೆ ನಾವೇ ಬೀಗ ಹಾಕಿದ್ದೆವು. ಮಗ ಮಲಗಿದಲ್ಲಿಗೆ ಕಥೆ ನಿಲ್ಲಿಸುವುದು ಅವರಿಗೆ ವರ್ಷಗಟ್ಟಲೆಯ ರೂಢಿ. ಕೇಳುವವರು ಸುಮ್ಮನಾದರೆ ಅವರ ನಾಲಿಗೆ ತಾನಾಗಿ ದೀಪ ಆರಿಸುತ್ತಿತ್ತು. ಮುಂದಿನದು ಎಷ್ಟು ತಡಕಿದರೂ ಆಗ ಸಿಗುತ್ತಿರಲಿಲ್ಲ.

ಮರುದಿನವೇ ಟೇಪ್ ರೆಕಾರ್ಡರ್ ಅಡಿಗೆಮನೆಗೆ ಬಂತು. ಏಸಿ ಹಾಲಿನಲ್ಲಿ ಗುಂಯ್ ಎನ್ನುತ್ತಿತ್ತು, ಕುಕ್ಕರು ಒಲೆಯ ಮೇಲಿತ್ತು, ಸುಮತಿ ಯಾವುದನ್ನೂ ನಿಲ್ಲಿಸಲಿಲ್ಲ. "ಅಕ್ಕ, ನೀವು ಹೂಂ ಅನ್ನಿ" ಎಂದಳು. ಕೂಟದಲ್ಲಿ ನನಗೆ ಸಿಕ್ಕಿದ ಮೊದಲ ಕೆಲಸ. ರಾತ್ರಿ ಯಜಮಾನರ ಹತ್ತಿರ ಸ್ವಲ್ಪ ಗತ್ತಿನಿಂದಲೇ ಹೇಳಿಕೊಂಡೆ. ಅವರು, "ಮದುವೆಯಾದ ಮೇಲೆ ನಾನು ಹೇಳಿದ ಯಾವುದಕ್ಕೂ ನೀನು ಹೂಂ ಅಂದದ್ದು ನೆನಪಿಲ್ಲ, ಅದಕ್ಕೆ ಮೇಲಿನ ಮನೆಗೆ ಹೋಗ್ಬೇಕಾಯ್ತಾ?" ಎಂದರು. ಅದಕ್ಕೂ ನಾನು ಹೂಂ ಅನ್ನಲಿಲ್ಲ.

ಬಳ್ಳಿ ಹೇಗೆ ದಾಟಿತೆಂದು ನಿಮಗೂ ಹೇಳಬೇಕಲ್ಲ. ಅಂಬಿಗ ಬಾಡಿಗೆ ಕೇಳುತ್ತಾನೆ. ಬಳ್ಳಿ ಮೊದಲು ಹೂ ಕೊಡುತ್ತದೆ. ನಡುಹೊಳೆಯಲ್ಲಿ ಅವನು ಇನ್ನೂ ಬೇಕು ಎನ್ನುತ್ತಾನೆ, ಎಲೆ ಕೊಡುತ್ತದೆ. ಆಚೆ ದಡ ಕಾಣುವಾಗ ಮತ್ತೆ ಕೇಳುತ್ತಾನೆ, ಬಳ್ಳಿ ತನ್ನ ಮೈಯನ್ನೇ ಗೇಣು ಗೇಣಾಗಿ ಕೊಡುತ್ತದೆ. ದಡ ಮುಟ್ಟುವಾಗ ಉಳಿದದ್ದು ಒಂದು ಕುಡಿ, ಕಿರುಬೆರಳಿನಷ್ಟು. ಆ ಕುಡಿ ಅವಳ ಗಂಡನ ಮನೆಯ ಹಿತ್ತಿಲಿಗೆ ಹೋಗಿ, ಪಾತ್ರೆ ತೊಳೆದ ನೀರು ಬೀಳುವಲ್ಲಿ ಬೇರು ಬಿಡುತ್ತದೆ. ಒಂದು ದಿನ ಅವಳು ಮಗುವನ್ನು ಎತ್ತಿಕೊಂಡು ಬಂದು ನೋಡುತ್ತಾಳೆ, ಹಿತ್ತಿಲ ತುಂಬ ಹೂ. "ನಿಂಗೆ ದಾರಿ ಯಾರ್ ಹೇಳ್ರ್?" ಎಂದು ಅವಳು ಕೇಳುತ್ತಾಳೆ. ಬಳ್ಳಿ ಎಲ್ಲಿಯಾದರೂ ಮಾತಾಡುತ್ತದೆಯೇ? ಒಂದು ಕಾಯಿ ಕೊಡುತ್ತದೆ. ಅಷ್ಟೇ ಕಥೆ. ಬಳ್ಳಿ ನಡುಹೊಳೆಯಲ್ಲಿದ್ದಾಗ ಹತ್ತಿರದ ಮಸೀದಿಯಿಂದ ಬಾಂಗ್ ಕೇಳಿಸಿತು. ಅಜ್ಜಿ ಅಂಬಿಗನನ್ನು ಅಲ್ಲೇ ನಿಲ್ಲಿಸಿ ಕೈ ಮುಗಿದರು, ಬಾಂಗ್ ಮುಗಿದ ಮೇಲೆ ದೋಣಿ ಮುಂದೆ ಹೋಯಿತು. ಆ ಕ್ಯಾಸೆಟ್ಟಿನಲ್ಲಿ ಅದೂ ಇದೆ, ಕುಕ್ಕರಿನ ಸೀಟಿಯೂ ಇದೆ, ಆಚೆ ದಡದಲ್ಲಿ ಸುಮತಿ ಮೂಗು ಸೇದಿಕೊಂಡದ್ದೂ ಇದೆ.

ಸುಮತಿ ಎರಡೇ ದಿನದಲ್ಲಿ ಅದನ್ನು ಬರೆದಿಳಿಸಿ, ನನ್ನ ಹೂಂಗಳನ್ನೆಲ್ಲ ಕಿತ್ತು ಹಾಕಿ, ಚೆಂದದ ಕನ್ನಡದಲ್ಲಿ ಅತ್ತೆಗೆ ಓದಿ ಹೇಳಿದಳು. ಅಜ್ಜಿ ಕೊನೆಯವರೆಗೂ ಕೇಳಿ, "ಲಾಯ್ಕಿತ್ತ್. ಇದ್ ಯಾರಿಗ್ ಹೇಳುದ್?" ಎಂದರು. ಸುಮತಿ ಹಾಳೆ ಹರಿದು ಮತ್ತೆ ಬರೆಯಲು ಕೂತಳು, ಹೂಂಗಳ ಸಮೇತ, ಅಜ್ಜಿಯ ಬಾಯಿಯ ಮಾತಿನಲ್ಲೇ. ನಮ್ಮ ಪುಸ್ತಕದಲ್ಲಿ ಬರಹಗಾರ್ತಿಯಾಗಿ ನನ್ನದೆಂದು ಇರುವುದು ಆ ಒಂದಕ್ಷರ ಮಾತ್ರ. ಪುಟಕ್ಕೆ ಹತ್ತು ಸಲ ಅಚ್ಚಾಗಿದೆ, ಕಡಿಮೆಯೇನಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು, ಗಡ್ಡೆ ಕೆಟ್ಟದ್ದಲ್ಲವೆಂದು ತಿಳಿಯಿತು, ಇವೆರಡು ದೊಡ್ಡ ದಯೆಗಳು. ಸ್ವರ ಮಾತ್ರ ಡಾಕ್ಟರು ಹೆದರಿದ ಹಾಗೆಯೇ ಆಯಿತು. ಅಜ್ಜಿ ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗಂಜಿ ತೆಗೆದುಕೊಂಡು ಹೋದವಳಿಗೆ ಅವರ ಮುಖ ನೋಡಲಾಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದರು. ಗೋಡೆಗೆ ಕಥೆ ಹೇಳುವುದಾ ಎಂದು ಕೇಳಿದವರು. ಗಂಜಿಯ ಪಾತ್ರೆ ಮಡಿಲಲ್ಲಿಟ್ಟುಕೊಂಡು, ನಾನೇ ಶುರು ಮಾಡಿದೆ.

"ಒಂದ್ ಊರಂಗೆ ಒಂದ್ ಹೆಣ್ಣ್ ಇದ್ದಿತಂಬ್ರ್."

 ಆಮೇಲೆ ಗೋಡೆಯ ಕಡೆಯಿಂದ, ಒಣ ಎಲೆ ಸರಿದ ಹಾಗೆ, "ಹೂಂ."

ಬಾಯಿ ಮುಚ್ಚಿಕೊಂಡೇ ಆಡುವ ಮಾತು ಅದೊಂದೇ. ಅದನ್ನು ದೇವರು ಉಳಿಸಿದ್ದ. ನಾನು ಬೇಲಿ ದಾಟಿಸಿದೆ, ಗದ್ದೆ ದಾಟಿಸಿದೆ, ಅಂಬಿಗನನ್ನು ಕರೆದೆ, ಬಳ್ಳಿ ಅವನಿಗೆ ಎಲೆ ಕೊಟ್ಟಿತು ಎಂದೆ. ಹೂಂ ಬರಲಿಲ್ಲ. ನಿದ್ದೆ ಬಂತೇನೋ ಎಂದು ಬಗ್ಗಿ ನೋಡಿದರೆ, ಅಜ್ಜಿ ಈ ಕಡೆ ತಿರುಗಿ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದಾರೆ. ಮೊದಲು ಹೂ, ಆಮೇಲೆ ಎಲೆ. ತಿದ್ದಿ ಹೇಳಿದೆ. ಆಗ ಬಂತು ನೋಡಿ, ಹೂಂ. ಅಷ್ಟು ಕಟ್ಟುನಿಟ್ಟು. ಏನು ಹೇಳಿದರೂ ಒಗ್ಗರಣೆಗೆ ಓಡುವ ನನ್ನಂಥವಳಿಂದ ಒಂದು ಕಥೆಯನ್ನು ಸಾಲು ತಪ್ಪದೆ ದಡ ಮುಟ್ಟಿಸಿದ್ದು ಅವರ ಆ ಸದ್ದು. ಆಮೇಲಿನ ಶುಕ್ರವಾರಗಳಲ್ಲಿ ಮಕ್ಕಳಿಗೆ ನಾನು ಹೇಳುವುದು, ಪಕ್ಕದಲ್ಲಿ ಗುಲಾಬಜ್ಜಿ ಕೂತು ಹೂಂಗುಟ್ಟುವುದು ಎಂದಾಯಿತು. ನನ್ನ ಮಗಳು ಒಂದು ದಿನವೂ ಹೂಂ ಅನ್ನಲಿಲ್ಲ. ಬಾಗಿಲ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದಳು, ಅಷ್ಟೇ.

ಗುಲಾಬಜ್ಜಿ ಈಗಿಲ್ಲ. ಸುಮತಿ ಉಡುಪಿಯಲ್ಲಿದ್ದಾಳೆ, ಈಗಲೂ ವೃತ್ತ ಸುತ್ತುತ್ತ ಬರೆಯುತ್ತಾಳೆ. ಇವತ್ತು ಮೊಮ್ಮಗಳಿಗೆ ಕುಂಬಳದ ಹೋಳು ತೋರಿಸುತ್ತ ಕಥೆ ಶುರು ಮಾಡಿದೆ. ಹೂಂ ಅನ್ನಬೇಕು ಎಂದು ಮೊದಲೇ ಹೇಳಿಕೊಟ್ಟೆ. ನಾಲ್ಕು ಸಲ ಚೆಂದದಲ್ಲಿ ಅಂದಳು. ಬಳ್ಳಿ ಹೊಳೆಯ ಬದಿಗೆ ಬರುವಷ್ಟರಲ್ಲಿ ಫೋನಿನಲ್ಲಿ ಬರೀ ಸೋಫಾ ಕಾಣುತ್ತಿತ್ತು. ಹುಡುಗಿ ಎಲ್ಲಿಗೆ ಓಡಿದ್ದಳೋ. ನನ್ನ ನಾಲಿಗೆಯೂ ನಿಂತಿತು, ಗುಲಾಬಜ್ಜಿಯದು ನಿಂತ ಹಾಗೆಯೇ. ಮುಂದೆ ಏನೆಂದು ನಿಜವಾಗಿಯೂ ಹೊಳೆಯಲಿಲ್ಲ ನನಗೆ. ಸರಿ, ಫೋನ್ ಇಟ್ಟುಬಿಡೋಣ ಎಂದು ಕುಂಬಳದ ಕೈ ಒರೆಸಿಕೊಂಡೆ.

ಆಗ ಆ ಖಾಲಿ ಸೋಫಾದ ಹಿಂದಿನಿಂದ, ಅಡಿಗೆಮನೆಯ ಪಾತ್ರೆಗಳ ಸದ್ದಿನ ನಡುವೆ, ಒಂದು ದೊಡ್ಡ ಹೆಂಗಸಿನ ಸ್ವರ "ಹೂಂ" ಎಂದಿತು. ನನ್ನ ಮಗಳು.  ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಹೂಂ, ಅಮ್ಮ" ಎಂದಳು.

ನಾನು ಅಂಬಿಗನನ್ನು ಕರೆದೆ.